ಕನ್ನಡ ಮನೆಯ ಹಿತ್ತಿಲು ಮತ್ತು ಋತುಮಾನದ ಕೈಗೆಲಸಗಳು

೧

‘ಹಿತ್ತಿಲ ಗಿಡ ಮದ್ದಲ್ಲ’ ಎಂಬ ಗಾದೆ ಕನ್ನಡ ನಾಡಿನಲ್ಲೆಲ್ಲ ಬಳಕೆಯಲ್ಲಿದೆ. ಹತ್ತಿರದಲ್ಲಿರುವುದರ ಬೆಲೆಯನ್ನು ಮನುಷ್ಯನು ಅರಿಯನೆಂಬುದು ಅದರ ತಾತ್ಪರ್ಯ. ಆದರೆ ಗಾದೆಯ ಮಾತನ್ನೇ ಸಾಕ್ಷ್ಯವಾಗಿ ತೆಗೆದುಕೊಂಡರೆ ಇನ್ನೊಂದು ಸಂಗತಿಯೂ ಹೊರಪಡುತ್ತದೆ: ಮದ್ದಿನ ಗಿಡವನ್ನು ಹುಡುಕತಕ್ಕ ಮೊದಲನೆಯ ಸ್ಥಳ ಹಿತ್ತಿಲೇ ಆಗಿದ್ದಿತು. ದೊಡ್ಡಪತ್ರೆ, ತುಳಸಿ, ಲೋಳೆಸರ, ಒಂದೆಲಗ, ಅಮೃತಬಳ್ಳಿ ಇವು ಬಾವಿಕಟ್ಟೆಯ ಸುತ್ತಲೂ ಬಚ್ಚಲ ನೀರು ಹರಿಯುವ ಕಾಲುವೆಯ ಬದಿಯಲ್ಲಿಯೂ ಬೆಳೆಯುತ್ತಿದ್ದುವು. ಅವುಗಳ ಪಕ್ಕದಲ್ಲಿಯೇ ಕರಿಬೇವು, ಬಾಳೆ, ನುಗ್ಗೆ, ಬದನೆ, ಬಸಳೆ, ಚಪ್ಪರಕ್ಕೆ ಹಬ್ಬಿಸಿದ ಹೀರೆ ಮತ್ತು ಅವರೆ, ದೇವರ ಪೂಜೆಗೆ ದಾಸವಾಳ ಮತ್ತು ಮಲ್ಲಿಗೆ. ಅಡುಗೆಮನೆ, ದೇವರ ಕೋಣೆ, ಬಾಣಂತಿಯ ಕೋಣೆ ಈ ಮೂರಕ್ಕೂ ಬೇಕಾದುದನ್ನು ಒದಗಿಸುತ್ತಿದ್ದ ತುಂಡು ನೆಲ ಅದು.

ಹಳಗನ್ನಡದ ‘ಪಿತ್ತಿಲ್’ ಎಂಬುದೇ ಇಂದಿನ ಹಿತ್ತಿಲು. ಶಬ್ದವು ಇಷ್ಟು ಹಳೆಯದಾಗಿದ್ದರೂ ಅದು ಹೆಸರಿಸುವ ಸ್ಥಳಕ್ಕೆ ಬರೆದಿಟ್ಟ ಚರಿತ್ರೆ ಇಲ್ಲವೆಂದೇ ಹೇಳಬೇಕು. ದೇವಾಲಯಗಳಿಗೆ ದತ್ತಿ ಬಿಟ್ಟ ಹೂದೋಟಗಳನ್ನು ಶಾಸನಗಳು ಮತ್ತರು, ಕಮ್ಮಗಳ ಲೆಕ್ಕದಲ್ಲಿ ದಾಖಲಿಸಿವೆ. ವಿದೇಶೀ ಪ್ರವಾಸಿಗರು ಅರಮನೆಯ ಉದ್ಯಾನಗಳನ್ನು ಕಂಡು ಬೆರಗಾಗಿ ಬರೆದಿದ್ದಾರೆ. ಮನೆಯ ಹೆಂಗಸರ ಕೈಯಲ್ಲಿದ್ದ ಹಿಂಬದಿಯ ನೆಲವಾದರೋ ಕಲ್ಲಿನ ಮೇಲೆ ಕೊರೆಯಿಸುವಷ್ಟು ದೊಡ್ಡ ವಿಷಯವೆಂದು ಯಾರಿಗೂ ತೋರಲಿಲ್ಲ. ಆದುದರಿಂದ ಹಿತ್ತಿಲಿನ ಇತಿಹಾಸವನ್ನು ಶಾಸ್ತ್ರಗ್ರಂಥಗಳ ಅಂಚಿನಿಂದ, ಗಿಡಗಳ ಹೆಸರುಗಳಿಂದ, ಹಬ್ಬಗಳ ಆಚರಣೆಯಿಂದ ಕೂಡಿಸಿಕೊಳ್ಳಬೇಕಾಗುತ್ತದೆ. ಆ ಹಿತ್ತಿಲಿಗೂ ವರ್ಷದುದ್ದಕ್ಕೂ ನಡೆಯುತ್ತಿದ್ದ ಕೈಗೆಲಸಗಳಿಗೂ ಇದ್ದ ಸಂಬಂಧವನ್ನೂ, ಮನೆಯು ಪರನಾಡಿನ ನಗರಕ್ಕೆ ಸ್ಥಳಾಂತರಗೊಂಡಾಗ ಆ ಸಂಬಂಧಕ್ಕೆ ಒದಗಿದ ಗತಿಯನ್ನೂ ಪರಿಶೀಲಿಸುವುದು ಈ ಲೇಖನದ ಉದ್ದೇಶ.

೨

ಗ್ರಂಥಸ್ಥ ಆಧಾರಗಳಲ್ಲಿ ಮೊದಲು ಹೇಳತಕ್ಕದ್ದು ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ವನ್ನು. ಪಶ್ಚಿಮ ಚಾಲುಕ್ಯ ಚಕ್ರವರ್ತಿ ಎರಡನೆಯ ಜಯಸಿಂಹನ ಆಶ್ರಯದಲ್ಲಿದ್ದ ಈ ಕವಿಯು ಸುಮಾರು ಕ್ರಿ. ಶ. ೧೦೨೫ರಲ್ಲಿ ಇದನ್ನು ರಚಿಸಿದನು. ಜ್ಯೋತಿಷ, ವಾಸ್ತು, ನೆಲದೊಳಗಿನ ನೀರನ್ನು ಗುರುತಿಸುವ ಉದಕಾರ್ಗಳ, ಗಿಡಮರಗಳ ಆರೈಕೆಯನ್ನು ಹೇಳುವ ವೃಕ್ಷಾಯುರ್ವೇದ, ಸುಗಂಧದ್ರವ್ಯಗಳ ತಯಾರಿಕೆ, ಸೂಪಶಾಸ್ತ್ರ, ವೈದ್ಯ ಮೊದಲಾದುವು ಇದರಲ್ಲಿ ಒಂದೆಡೆ ಸೇರಿವೆ. ವಿಷಯಗಳ ಈ ಜೋಡಣೆಯೇ ಗಮನಾರ್ಹವಾದುದು. ಬಾವಿ, ಗಿಡ, ಅಡುಗೆ, ಮದ್ದು ಇವು ಇಂದಿನ ವಿದ್ವತ್ತಿನಲ್ಲಿ ನಾಲ್ಕು ಬೇರೆ ಬೇರೆ ಶಾಸ್ತ್ರಗಳು. ಒಂದು ಮನೆಯ ಹಿಂಬದಿಯಲ್ಲಿ ನಿಂತು ನೋಡಿದರೆ ಅವು ಒಂದೇ ಸಂಸಾರದ ನಾಲ್ಕು ಕೆಲಸಗಳು. ಗ್ರಂಥಕ್ಕೆ ‘ಲೋಕೋಪಕಾರ’ ಎಂಬ ಹೆಸರು ಸಲ್ಲುವುದು ಈ ಕಾರಣದಿಂದಲೇ.

ಮೂರನೆಯ ಸೋಮೇಶ್ವರನು ಸುಮಾರು ೧೧೩೦ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಉದ್ಯಾನವಿಹಾರಕ್ಕೂ ಭೋಜನಕ್ಕೂ ವಿಸ್ತಾರವಾದ ಸ್ಥಾನವುಂಟು. ಅಲ್ಲಿ ಕಾಣುವುದು ಅರಸನ ತೋಟ, ಅರಸನ ಊಟ. ಅದಕ್ಕಿಂತ ಮನೆಗೆ ಹತ್ತಿರವಾದ ಚಿತ್ರವನ್ನು ಹರಿಹರ ಕವಿಯ ‘ಪುಷ್ಪರಗಳೆ’ ಒದಗಿಸುತ್ತದೆ. ಹಂಪೆಯ ವಿರೂಪಾಕ್ಷನ ಪೂಜೆಗೆಂದು ಭಕ್ತನು ತೋಟಕ್ಕೆ ಹೋಗಿ, ಹೂಗಳೊಡನೆ ಆತ್ಮೀಯರೊಡನೆ ಮಾತನಾಡಿದಂತೆ ಮಾತನಾಡುತ್ತ ಅವನ್ನು ಬಿಡಿಸಿ ತರುವುದೇ ಅದರ ವಸ್ತು. ಹೂವನ್ನು ಕೊಂಡು ತರುವುದಲ್ಲ, ಬೆಳೆದು ತರುವುದು ಪೂಜೆಯ ಅಂಗವೆಂಬ ಭಾವನೆ ಅಲ್ಲಿ ಮೂಡಿದೆ. ಮುಂದೆ ೧೪೪೩ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕನು ಆ ಪಟ್ಟಣದಲ್ಲಿ ಗುಲಾಬಿಯ ವ್ಯಾಪಾರ ಎಲ್ಲೆಡೆಯೂ ನಡೆಯುತ್ತಿದ್ದುದನ್ನು ಬರೆದಿಟ್ಟನು. ಹಿತ್ತಿಲ ಹೂವೂ ಪೇಟೆಯ ಹೂವೂ ಜೊತೆಜೊತೆಯಾಗಿ ಬಾಳಿದುವೆಂದು ಇದರಿಂದ ಊಹಿಸಬಹುದು.

೧೬ನೆಯ ಶತಮಾನದ ಆದಿಭಾಗದಲ್ಲಿದ್ದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವು ಅಡುಗೆಯ ಗ್ರಂಥವಾದರೂ ಹಿತ್ತಿಲಿನ ಚರಿತ್ರೆಗೆ ಉಪಯುಕ್ತವಾದುದು. ಬದನೆ, ಬಾಳೆ, ಹಲಸುಗಳಿಂದ ಮಾಡುವ ಅಡುಗೆಗಳು ಅದರಲ್ಲಿ ವಿಶೇಷವಾಗಿ ಬರುತ್ತವೆ. ಈ ಮೂರೂ ಇಂದಿಗೂ ಹಿತ್ತಿಲಿನ ಮುಖ್ಯ ಬೆಳೆಗಳೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ೧೮೦೦–೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ತರಕಾರಿಯ ತೋಟ, ತೆಂಗಿನ ತೋಟ, ಎಲೆತೋಟ, ಹೂವಿನ ತೋಟಗಳನ್ನು ಬೇರೆ ಬೇರೆಯಾಗಿ ಹೆಸರಿಸಿದ್ದಾನೆ. ಇವು ಕಸಬಿನ ತೋಟಗಳು. ಹಿತ್ತಿಲಿನ ವೈಶಿಷ್ಟ್ಯವಾದರೋ ಈ ನಾಲ್ಕನ್ನೂ ಅಂಗೈಯಗಲದ ನೆಲದಲ್ಲಿ ಬೆರೆಸಿ ಬೆಳೆಯುವುದರಲ್ಲಿದ್ದಿತು.

೩

ಗ್ರಂಥಗಳು ಮೌನವಾಗಿರುವಲ್ಲಿ ಶಬ್ದಗಳು ಮಾತನಾಡುತ್ತವೆ. ಚಾವುಂಡರಾಯನ ಅಡುಗೆಯಲ್ಲಿ ಖಾರಕ್ಕೆ ಇದ್ದುದು ಮೆಣಸು. ಇಂದು ಕನ್ನಡ ಅಡುಗೆಯ ಪ್ರಾಣವೆನಿಸಿರುವ ಮೆಣಸಿನಕಾಯಿ ಅಮೆರಿಕಾ ಖಂಡದ ಸಸ್ಯ. ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ಬಂದ ಅನಂತರ, ೧೬ನೆಯ ಶತಮಾನದಲ್ಲಿ, ಇಲ್ಲಿ ನೆಲೆಯೂರಿತು. ಹೊಸ ವಸ್ತುವಿಗೆ ಜನರು ಹಳೆಯ ಹೆಸರನ್ನೇ ಹಿಗ್ಗಿಸಿ ಇಟ್ಟರು. ಕಾಲಕ್ರಮದಲ್ಲಿ ಹೊಸದು ಎಷ್ಟು ಬಲಿಯಿತೆಂದರೆ, ಕರಾವಳಿಯ ಕನ್ನಡದಲ್ಲಿ ‘ಮೆಣಸು’ ಎಂದರೆ ಮೆಣಸಿನಕಾಯಿಯೇ ಆಗಿ, ಮೂಲದ ಮೆಣಸು ತನ್ನ ಗುರುತಿಗಾಗಿ ‘ಒಳ್ಳೆಮೆಣಸು’ ಎಂಬ ವಿಶೇಷಣವನ್ನು ಹೊರಬೇಕಾಯಿತು. ಒಡೆಯನೇ ತನ್ನ ಮನೆಯಲ್ಲಿ ಅತಿಥಿಯಾದಂತೆ ಇದು.

ಪರಂಗಿಹಣ್ಣು ಎಂಬ ಹೆಸರಿನಲ್ಲಿ ಫರಂಗಿಯವರ ಗುರುತು ಉಳಿದಿದೆ. ಬಟಾಟೆ ಎಂಬುದು ಪೋರ್ಚುಗೀಸ್ ಮಾತೇ. ಸೀಮೆ ಎಂಬ ಪೂರ್ವಪದವನ್ನು ಹೊತ್ತ ಗಿಡಗಳೆಲ್ಲ ಹೊರಗಿನಿಂದ ಬಂದುವೆಂದು ಹಿತ್ತಿಲಿನ ಒಡತಿಯೇ ತಿಳಿಸಿದಂತೆ. ಕೆಲವು ಗಿಡಗಳಾದರೋ ಹೆಸರಿನಲ್ಲಿ ಕೂಡ ಪರಕೀಯತೆಯನ್ನು ಉಳಿಸಿಕೊಳ್ಳದೆ ಮನೆಯವೇ ಆಗಿಹೋದುವು. ದಸರೆ ದೀಪಾವಳಿಗಳಲ್ಲಿ ಬಾಗಿಲಿಗೆ ಕಟ್ಟುವ ಚೆಂಡುಹೂವಿನ ತವರು ಮೆಕ್ಸಿಕೋ ದೇಶವೆಂದರೆ ಅನೇಕರು ನಂಬಲಾರರು. ಸಿಹಿಗುಂಬಳವೂ ಅಮೆರಿಕಾ ಖಂಡದ್ದೇ; ಆಯುಧಪೂಜೆಯಲ್ಲಿ ಒಡೆಯುವ ಬೂದುಗುಂಬಳ ಮಾತ್ರ ಏಷ್ಯದ್ದು. ಹಿತ್ತಿಲು ಸನಾತನವಾದುದೆಂದೂ ಅದರಲ್ಲಿ ಹೊಸತನಕ್ಕೆ ಎಡೆಯಿರಲಿಲ್ಲವೆಂದೂ ಭಾವಿಸುವವರು ಈ ಸಂಗತಿಗಳನ್ನು ನೆನೆಯಬೇಕು. ಹೊರಗಿನಿಂದ ಬಂದುದನ್ನು ಮನೆಯ ಕ್ರಮಕ್ಕೆ ಒಗ್ಗಿಸಿಕೊಳ್ಳುವುದೇ ಅದರ ಹಳೆಯ ಗುಣ.

ಈ ಒಗ್ಗಿಸಿಕೊಳ್ಳುವಿಕೆಗೆ ಸಂಸ್ಥೆಗಳೂ ನೆರವಾದುವು. ೧೭೬೦ರಲ್ಲಿ ಹೈದರಾಲಿಯು ಪ್ರಾರಂಭಿಸಿ ಟಿಪ್ಪುಸುಲ್ತಾನನು ಬೆಳೆಸಿದ ಬೆಂಗಳೂರಿನ ಲಾಲ್‌ಬಾಗು ೧೮೫೬ರಲ್ಲಿ ಸರ್ಕಾರೀ ಸಸ್ಯೋದ್ಯಾನವಾಯಿತು. ೧೯ನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಲ್ಲಿ ಮೇಲ್ವಿಚಾರಕನಾಗಿದ್ದ ಜಾನ್ ಕ್ಯಾಮರನ್ನನು ತರಿಸಿ ಹರಡಿದ ತರಕಾರಿಗಳಲ್ಲಿ ಸೀಮೆಬದನೆಯೂ ಒಂದು. ಬೆಂಗಳೂರಿನಿಂದ ಅದು ನೆರೆನಾಡುಗಳಿಗೆ ಹೋದಾಗ ತಮಿಳರು ಅದನ್ನು ‘ಬೆಂಗಳೂರು ಕತ್ತರಿಕಾಯಿ’ ಎಂದರು, ತೆಲುಗರು ‘ಬೆಂಗಳೂರು ವಂಕಾಯ’ ಎಂದರು. ಬೆಂಗಳೂರಿನಲ್ಲಿ ಸೀಮೆಯದೆನಿಸಿದ ಕಾಯಿ ಚೆನ್ನೈ ಹೈದರಾಬಾದುಗಳಲ್ಲಿ ಬೆಂಗಳೂರಿನದಾಯಿತು. ಆ ನಗರಗಳ ಮಾರುಕಟ್ಟೆಯಲ್ಲಿ ಈ ಹೆಸರನ್ನು ಕೇಳುವ ಕನ್ನಡಿಗನಿಗೆ ವಲಸೆಯ ಸ್ವರೂಪವನ್ನು ಬೇರೆ ವಿವರಿಸಬೇಕಾಗಿಲ್ಲ. ೧೯೦೮ರಲ್ಲಿ ಮೈಸೂರಿಗೆ ಬಂದ ಜರ್ಮನ್ ಸಸ್ಯಜ್ಞ ಜಿ. ಎಚ್. ಕೃಂಬಿಗಲ್ಲನ ಕಾಲದಲ್ಲಿ, ೧೯೧೨ರಲ್ಲಿ, ಮೈಸೂರು ತೋಟಗಾರಿಕೆ ಸಂಘ ಸ್ಥಾಪಿತವಾಯಿತು. ಹೂವಿನ ಪ್ರದರ್ಶನಗಳ ಮೂಲಕ ಕುಂಡದಲ್ಲಿ ಗಿಡ ಬೆಳೆಸುವ ಅಭಿರುಚಿ ಪಟ್ಟಣದ ಮಧ್ಯಮ ವರ್ಗದ ಮನೆಗಳಿಗೆ ಹಬ್ಬಿತು.

೪

ಹಿತ್ತಿಲಿನ ಕೆಲಸವೂ ಮನೆಯ ಕೈಗೆಲಸವೂ ವರ್ಷದಲ್ಲಿ ಯಾವ ಕ್ರಮದಿಂದ ನಡೆಯುತ್ತಿದ್ದುವೆಂಬುದು ಮುಂದಿನ ಪ್ರಶ್ನೆ. ಕನ್ನಡ ಮನೆಯು ಏಕಕಾಲದಲ್ಲಿ ಎರಡು ಕಾಲಗಣನೆಗಳನ್ನು ಅನುಸರಿಸುತ್ತಿದ್ದಿತೆಂಬುದನ್ನು ಗಮನಿಸದೆ ಇದಕ್ಕೆ ಉತ್ತರ ದೊರೆಯದು. ಹಬ್ಬಗಳು ಬಹುಮಟ್ಟಿಗೆ ಚಾಂದ್ರಮಾನದ ತಿಥಿಗಳಂತೆ ಬರುತ್ತವೆ. ಬಿತ್ತನೆಯು ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಸಂಚರಿಸುವ ಹದಿಮೂರು ಹದಿನಾಲ್ಕು ದಿನಗಳ ಅವಧಿಯನ್ನು ಅನುಸರಿಸುತ್ತದೆ. ಇವನ್ನೇ ಮಳೆನಕ್ಷತ್ರಗಳೆನ್ನುವರು. ಏಪ್ರಿಲ್ ಮಧ್ಯದಲ್ಲಿ ಅಶ್ವಿನಿ, ಮೇ ಕೊನೆಗೆ ರೋಹಿಣಿ, ಜೂನ್ ಎರಡನೆಯ ವಾರಕ್ಕೆ ಮೃಗಶಿರ, ಆಗಸ್ಟ್ ಮಧ್ಯದಲ್ಲಿ ಮಘೆ, ಅಕ್ಟೋಬರ್ ಕೊನೆಗೆ ಸ್ವಾತಿ. ‘ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು’ ಎಂಬಂತಹ ಗಾದೆಗಳು ಬರೆಹ ಬಾರದವರಿಗೂ ಈ ಪಂಚಾಂಗವನ್ನು ಬಾಯಿಪಾಠ ಮಾಡಿಸಿದ್ದುವು.

ಚಾಂದ್ರ ವರ್ಷಕ್ಕೆ ಸುಮಾರು ೩೫೪ ದಿನಗಳು; ಸೌರ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಸುಮಾರು ಮೂವತ್ತೆರಡು ಮೂವತ್ತಮೂರು ತಿಂಗಳಿಗೊಮ್ಮೆ ಬರುವ ಅಧಿಕಮಾಸವು ಈ ಅಂತರವನ್ನು ಸರಿದೂಗಿಸುತ್ತದೆ. ಇದರ ಫಲವಾಗಿ ಒಂದೇ ಹಬ್ಬವು ಒಂದು ವರ್ಷ ಬೇಗನೆಯೂ ಇನ್ನೊಂದು ವರ್ಷ ತಡವಾಗಿಯೂ ಬರುವುದು. ೨೦೨೦ರಲ್ಲಿ ನಾಗರಪಂಚಮಿ ಜುಲೈ ೨೫ರಂದು, ಅಂದರೆ ಪುಷ್ಯ ಮಳೆಯಲ್ಲಿ ಬಂದಿತು. ಅಧಿಕ ಶ್ರಾವಣವಿದ್ದ ೨೦೨೩ರಲ್ಲಿ ಆಗಸ್ಟ್ ೨೧ರಂದು, ಮಘೆ ಮಳೆಯಲ್ಲಿ ಬಂದಿತು. ಬೀಜವು ಈ ಹಿಂದುಮುಂದಿಗೆ ಕಾಯದು. ಆದುದರಿಂದ ಗೃಹಿಣಿಯು ಬಿತ್ತುವಾಗ ಆಕಾಶದ ಮಳೆಯನ್ನೂ ಮಣ್ಣಿನ ಮೂರ್ತಿಯನ್ನು ಮಾಡುವಾಗ ತಿಥಿಯನ್ನೂ ನೋಡುತ್ತಿದ್ದಳು. ಎರಡಕ್ಕೂ ಹೊಂದಾಣಿಕೆ ಮಾಡುವ ಜಾಣ್ಮೆ ಅವಳದು.

ತುಳುನಾಡಿನ ತಿಂಗಳುಗಳು ಸೌರಮಾನದವು. ಅಲ್ಲಿ ಜುಲೈ ಮಧ್ಯದಿಂದ ನಡೆಯುವ ಆಟಿ ತಿಂಗಳು ಪ್ರತಿವರ್ಷವೂ ಭಾರೀ ಮಳೆಯ ಕಾಲದಲ್ಲಿಯೇ ಬರುವುದು. ಕೆಸುವಿನ ಎಲೆಯ ಪತ್ರೊಡೆ, ತಗಟೆಸೊಪ್ಪು, ಕಣಿಲೆ ಇವೆಲ್ಲ ಆ ತಿಂಗಳ ಊಟ. ಬಿತ್ತಿದುದು ಇನ್ನೂ ಕೈಗೆ ಬಾರದ ಹೊತ್ತಿನಲ್ಲಿ ಬಿತ್ತದೆ ಬೆಳೆಯುವ ಸೊಪ್ಪುಗಳನ್ನು ಆರಿಸಿ ತಿನ್ನುವ ಕ್ರಮವಿದು. ಕರಾವಳಿಯ ಕ್ಯಾಥೊಲಿಕ್ ಕ್ರೈಸ್ತರು ಸೆಪ್ಟೆಂಬರ್ ೮ರಂದು ಆಚರಿಸುವ ಮೊಂತಿ ಹಬ್ಬದ ಹಿಂದಿನ ದಿನಗಳಲ್ಲಿ ಮಕ್ಕಳು ಮನೆಯ ಸುತ್ತಲಿನ ಹೂಗಳನ್ನು ಕೊಯ್ದು ತಂದು ಮೇರಿಮಾತೆಗೆ ಅರ್ಪಿಸುವರು. ಹೊಸ ಭತ್ತದ ತೆನೆಯನ್ನು ಮನೆಗೆ ತಂದು ಹಬ್ಬದೂಟದಲ್ಲಿ ಬೆರೆಸುವರು. ಮತವು ಬೇರೆಯಾದರೂ ಹಿತ್ತಿಲು ಹೊಲಗಳ ಕಾಲವು ಎಲ್ಲರಿಗೂ ಒಂದೇ.

೫

ಈ ಹಿನ್ನೆಲೆಯಲ್ಲಿ ವರ್ಷದ ಕೈಗೆಲಸಗಳನ್ನು ಸಾಲಾಗಿ ನೋಡಿದರೆ, ಒಂದೊಂದು ಋತುವಿಗೆ ಒಂದೊಂದು ವಸ್ತು ಸಾಮಗ್ರಿಯಾಗಿ ಒದಗಿರುವುದು ಕಂಡುಬರುತ್ತದೆ.

ಯುಗಾದಿಯಿಂದ ಮೊದಲಾಗುವ ಬೇಸಗೆಯ ಸಾಮಗ್ರಿ ಬಿಸಿಲು. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಉಪ್ಪಿನಕಾಯಿಗಳ ಕಾಲವಿದು. ಹಿಂದಿನ ತಿಂಗಳುಗಳಲ್ಲಿ ಹಿತ್ತಿಲಿನ ಮಾಡಿನ ಮೇಲೆ ಬಲಿತ ಬೂದುಗುಂಬಳ ಉದ್ದಿನ ಹಿಟ್ಟಿನೊಡನೆ ಸಂಡಿಗೆಯಾಗುವುದು. ಮಲೆನಾಡು ಕರಾವಳಿಗಳಲ್ಲಿ ಹಲಸಿನ ಸೊಳೆ ಹಪ್ಪಳವಾಗುವುದು. ಉಳಿದ ಸೊಳೆಯನ್ನು ಉಪ್ಪಿನಲ್ಲಿ ಹಾಕಿ ಭರಣಿಯ ಬಾಯಿ ಕಟ್ಟಿಡುವರು. ಅಪ್ಪೆಮಿಡಿಯನ್ನು ತೊಟ್ಟು ಮುರಿಯದಂತೆ ಇಳಿಸಿ ಉಪ್ಪಿನಲ್ಲಿ ಮುರುಟಿಸುವುದರಲ್ಲಿ ಮಲೆನಾಡಿನ ಹೆಂಗಸರ ಕೈ ಪಳಗಿದುದು. ಉಪ್ಪು ಕಾಯಿಯ ನೀರನ್ನು ಹೊರಗೆಳೆಯುತ್ತದೆ. ಆ ನೀರೇ ಕಾಯಿಯನ್ನು ಮುಳುಗಿಸಿ ಕೆಡದಂತೆ ಕಾಪಾಡುತ್ತದೆ. ಇದೆಲ್ಲವೂ ಮುಂಗಾರಿಗೆ ಮೊದಲು ಮುಗಿಯಬೇಕು. ಮಳೆಗಾಲದಲ್ಲಿ ತರಕಾರಿ ದೊರೆಯದ ಮನೆಗೆ ಇದೇ ಉಗ್ರಾಣ. ಕರಾವಳಿಯ ಮನೆಗಳಲ್ಲಿ ಬಣ್ಣದ ಸೌತೆಕಾಯಿಗಳನ್ನು ಬಾಳೆಯ ನಾರಿನಿಂದ ಕಟ್ಟಿ ಜಂತೆಗೆ ತೂಗುಹಾಕುವ ಪದ್ಧತಿಯೂ ಇದೇ ಉದ್ದೇಶದ್ದು. ಬೀಜಗಳನ್ನು ಬೂದಿಯಲ್ಲಿ ಬೆರೆಸಿ, ಒಣಗಿದ ಸೋರೆಬುರುಡೆಯಲ್ಲಿ ತುಂಬಿ, ಇಲ್ಲವೆ ಸಗಣಿಯೊಡನೆ ಗೋಡೆಗೆ ಬಡಿದು ಮುಂದಿನ ಬಿತ್ತನೆಗೆ ಕಾಪಿಡುವುದೂ ಒಣಹವೆಯ ಕಾಲದ ಕೆಲಸ. ಹೊಲದ ದುಡಿಮೆಗೆ ಬಿಡುವಿರುವ ಈ ದಿನಗಳಲ್ಲಿಯೇ ಉತ್ತರ ಕರ್ನಾಟಕದ ಹೆಂಗಸರು ಹಳೆಯ ಸೀರೆಗಳನ್ನು ಪದರಪದರವಾಗಿ ಜೋಡಿಸಿ ಕೌದಿ ಹೊಲಿಯುವರು.

ಮಳೆ ಬಿದ್ದು ನೆಲ ಮೆದುವಾದೊಡನೆ ಸಾಮಗ್ರಿಯು ಮಣ್ಣಾಗುತ್ತದೆ. ಹಿತ್ತಿಲಿನಲ್ಲಿ ಹೀರೆ, ಪಡವಲ, ಸೋರೆ, ಕುಂಬಳಗಳ ಬೀಜ ಮಣ್ಣಿಗಿಳಿಯುವ ಹೊತ್ತಿಗೆ ಜಗಲಿಯ ಮೇಲೆ ಮಕ್ಕಳ ಕೈಗೆ ಅದೇ ಮಣ್ಣು ಬರುವುದು. ಜ್ಯೇಷ್ಠದ ಅಮಾವಾಸ್ಯೆಯಂದು ಉತ್ತರ ಕರ್ನಾಟಕದಲ್ಲಿ ಮಣ್ಣೆತ್ತುಗಳು. ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರು ಮಾಡುವ ಗುಳ್ಳವ್ವ. ಶ್ರಾವಣದಲ್ಲಿ ಹುತ್ತದ ಮಣ್ಣಿನ ನಾಗ. ಭಾದ್ರಪದದಲ್ಲಿ ಗೌರಿ, ಗಣೇಶ, ಮತ್ತು ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕುಳಿತು ಮನೆಮನೆಗೆ ಬರುವ ಜೋಕುಮಾರ. ಎತ್ತಿನಿಂದ ಮೊದಲಾಗಿ ದೇವರವರೆಗೆ ನಡೆಯುವ ಈ ಮೃತ್ತಿಕೆಯ ಮೂರ್ತಿಗಳ ಸಾಲಿನಲ್ಲಿ ಯಾವುದನ್ನೂ ಸುಡುವುದಿಲ್ಲ. ಹಬ್ಬ ಮುಗಿದ ಮೇಲೆ ಕೆರೆಬಾವಿಗಳ ಮಣ್ಣು ಮತ್ತೆ ನೀರಿಗೆ ಸೇರುವುದು. ಸುಡದ ಮಣ್ಣಿನ ಕೆಲಸ ಮಳೆಗಾಲದಲ್ಲಿಯೇ ಸಾಧ್ಯವೂ ಸಹಜವೂ ಆದುದು. ಪೂಜೆಗೆ ಬೇಕಾದ ಗೆಜ್ಜೆವಸ್ತ್ರ ಮತ್ತು ಬತ್ತಿಗಳನ್ನು ಹಿತ್ತಿಲಿನ ಹತ್ತಿಗಿಡದ ಅರಳೆಯಿಂದಲೇ ಮಾಡಿಕೊಳ್ಳುವ ಮನೆಗಳಿದ್ದುವು. ಹೊರಗೆ ಸುರಿಯುವ ಶ್ರಾವಣದ ಮಧ್ಯಾಹ್ನಗಳಿಗೆ ಒಪ್ಪುವ ಕೆಲಸವದು.

ಮಳೆ ತಗ್ಗಿದ ಆಶ್ವಯುಜ ಕಾರ್ತಿಕಗಳಲ್ಲಿ ಮೊಳಕೆ, ಹೂವು, ಸಗಣಿ ಮತ್ತು ಬಣ್ಣಗಳ ಸರದಿ. ನವರಾತ್ರಿಯಲ್ಲಿ ಉತ್ತರ ಕರ್ನಾಟಕದ ಮನೆಗಳಲ್ಲಿ ಘಟದ ಸುತ್ತಲೂ ಮಣ್ಣು ಹಾಕಿ ಧಾನ್ಯ ಬಿತ್ತುವರು. ಹಬ್ಬ ಮುಗಿಯುವ ಹೊತ್ತಿಗೆ ಅದು ಗೇಣುದ್ದ ಬೆಳೆದು ನಿಂತಿರುತ್ತದೆ. ಮೈಸೂರಿನ ಕಡೆ ಗೊಂಬೆಗಳ ಮುಂದೆ ಹುಲ್ಲುಹಾಸಿನಂತೆ ಕಾಣಲೆಂದು ತಟ್ಟೆಯಲ್ಲಿ ರಾಗಿಯನ್ನು ಮೊಳೆಯಿಸುವರು. ಇವೆರಡೂ ದೇವರ ಕೋಣೆಯೊಳಕ್ಕೆ ಬಂದ ಹಿತ್ತಿಲುಗಳೇ ಸರಿ. ಆಶ್ವಯುಜದ ಹುಣ್ಣಿಮೆಯಾದ ಭೂಮಿಹುಣ್ಣಿಮೆಗೆ ಮಲೆನಾಡಿನ ದೀವರ ಹೆಂಗಸರು ಬಿದಿರುಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿಯ ಹಿಟ್ಟಿನ ಬಿಳಿಯಿಂದ ಚಿತ್ತಾರ ಬರೆಯುವರು. ಕುಂಚವು ಪುಂಡಿಯ ನಾರಿನದು. ಹಲವು ಬಗೆಯ ಸೊಪ್ಪುಗಳನ್ನು ಬೇಯಿಸಿದ ಅಡುಗೆ ಆ ಬುಟ್ಟಿಯಲ್ಲಿ ಗದ್ದೆಗೆ ಹೋಗಿ, ಬಸಿರಾದ ಭೂಮಿಗೆ ಬಯಕೆಯ ಊಟವಾಗಿ ಚೆಲ್ಲಲ್ಪಡುವುದು. ಬುಟ್ಟಿ, ಬಣ್ಣ, ನಾರು, ಸೊಪ್ಪು ಇವಾವುದೂ ಅಂಗಡಿಯಿಂದ ಬಂದುದಲ್ಲ. ಬಲಿಪಾಡ್ಯದಂದು ಉತ್ತರದಲ್ಲಿ ಸಗಣಿಯ ಪಾಂಡವರನ್ನು ಮಾಡಿ ಚೆಂಡುಹೂವನ್ನೂ ಉತ್ತರಾಣಿಯ ಕಡ್ಡಿಯನ್ನೂ ಸಿಕ್ಕಿಸುವರು.

ಚಳಿಗಾಲದ ಸಾಮಗ್ರಿ ಎಳ್ಳು ಮತ್ತು ಸಕ್ಕರೆ. ಎಳ್ಳಮಾವಾಸ್ಯೆಯಂದು ಕಲಬುರಗಿ, ಬೀದರ್, ವಿಜಯಪುರದ ಕಡೆಯವರು ಕಾಳು, ಕಾಯಿ, ಸೊಪ್ಪುಗಳನ್ನೆಲ್ಲ ಕೂಡಿಸಿ ಬೇಯಿಸಿದ ಭಜ್ಜಿಯನ್ನು ಹೊಲಕ್ಕೆ ಒಯ್ದು ಚರಗ ಚೆಲ್ಲುವರು. ಹಳೆಯ ಮೈಸೂರಿನಲ್ಲಿ ಇದು ಅವರೆಯ ಕಾಲ. ಹಗಲು ಕಿರಿದಾದ ಮೇಲೆಯೇ ಹೂಬಿಡುವುದು ನಾಡ ಅವರೆಯ ಸ್ವಭಾವ. ಆದುದರಿಂದ ಮಳೆಗಾಲದಲ್ಲಿ ಬಿತ್ತಿದರೂ ಅದರ ಸೊಗಡು ಪುಷ್ಯಮಾಸಕ್ಕೆ ಮೀಸಲು. ಸಂಕ್ರಾಂತಿಗೆಂದು ಮರದ ಅಚ್ಚುಗಳಲ್ಲಿ ಸಕ್ಕರೆಪಾಕವನ್ನು ಎರೆದು ಆನೆ, ಕುದುರೆ, ಮಂಟಪಗಳನ್ನು ತೆಗೆಯುವುದೂ, ಸಣ್ಣ ಉರಿಯ ಮೇಲೆ ಎಳ್ಳಿಗೆ ಪಾಕವನ್ನು ಹನಿಹನಿಯಾಗಿ ಹಾಕಿ ಕೈಯಾಡಿಸುತ್ತ ಮುಳ್ಳುಮುಳ್ಳಾದ ಕುಸುರೆಳ್ಳನ್ನು ಮಾಡುವುದೂ ಚಳಿಯ ಒಣಹವೆಯನ್ನು ಬಲ್ಲವರ ಕೆಲಸ. ಹವೆಯಲ್ಲಿ ತೇವವಿದ್ದರೆ ಮುಳ್ಳು ಏಳದು. ಸಂಕ್ರಾಂತಿಯು ಸೌರಮಾನದ ಹಬ್ಬವಾದುದರಿಂದ ಈ ಹವೆ ಅದಕ್ಕೆಂದೂ ತಪ್ಪುವುದಿಲ್ಲ.

ಬೇಸಗೆಗೆ ಬಿಸಿಲು ಮತ್ತು ಬಟ್ಟೆ, ಮಳೆಗೆ ಮಣ್ಣು, ಶರತ್ತಿಗೆ ಹೂವು ಮತ್ತು ಬಣ್ಣ, ಚಳಿಗೆ ಸಕ್ಕರೆ. ಈ ಕ್ರಮವನ್ನು ಯಾವ ಶಾಸ್ತ್ರಕಾರನೂ ವಿಧಿಸಲಿಲ್ಲ. ಕೈಗೆ ಹತ್ತಿರವಿದ್ದುದನ್ನು ಹತ್ತಿರವಿದ್ದಾಗಲೇ ಬಳಸಿಕೊಂಡುದರಿಂದ ಅದು ತಾನಾಗಿ ಮೂಡಿತು.

ಈ ಚಿತ್ರವನ್ನು ಅತಿಯ ಬಣ್ಣದಿಂದ ಬರೆಯುವುದೂ ಸಲ್ಲದು. ಹಿತ್ತಿಲಿದ್ದುದು ಮನೆಯ ಸುತ್ತ ನೆಲವಿದ್ದವರಿಗೆ. ಪರರ ಹೊಲದಲ್ಲಿ ದುಡಿಯುತ್ತಿದ್ದ ಕುಟುಂಬಗಳಿಗೆ ಗುಡಿಸಲ ಮೇಲೆ ಹಬ್ಬಿದ ಒಂದು ಕುಂಬಳದ ಬಳ್ಳಿಯೇ ಹಿತ್ತಿಲು. ಹೊಲದ ಬದುವಿನಲ್ಲಿ ಆರಿಸಿದ ಬೆರಕೆ ಸೊಪ್ಪೇ ತರಕಾರಿ. ಜೋಕುಮಾರನನ್ನು ಹೊತ್ತು ತರುವವರು ಅಂಬಿಗರ ಹೆಂಗಸರಾದರೆ, ಮೊರದಲ್ಲಿ ಧಾನ್ಯ ಹಾಕುವವರು ಹೊಲವುಳ್ಳವರ ಮನೆಯವರು. ಋತುವಿನ ಸಂಪತ್ತು ಎಲ್ಲರ ಮುಂದೆ ಹಾದುಹೋದರೂ ಎಲ್ಲರ ಪಾಲಿಗೂ ಸಮನಾಗಿ ಬರಲಿಲ್ಲ.

೬

ಮನೆಯು ನಾಡನ್ನು ಬಿಟ್ಟಾಗ ಈ ಎರಡು ಪಂಚಾಂಗಗಳಲ್ಲಿ ಒಂದು ಮಾತ್ರ ಜೊತೆಯಲ್ಲಿ ಪಯಣಿಸಿತು. ತಿಥಿಯು ಮುಂಬಯಿ, ದೆಹಲಿ, ಚೆನ್ನೈಗಳಲ್ಲಿಯೂ ಹೆಚ್ಚುಕಡಿಮೆ ಒಂದೇ; ಗೋಡೆಯ ಕ್ಯಾಲೆಂಡರು ಅದನ್ನು ಅಚ್ಚುಹಾಕಿ ತೋರಿಸುತ್ತದೆ. ಮಳೆನಕ್ಷತ್ರವು ನೆಲಕ್ಕೆ ಅಂಟಿಕೊಂಡುದು. ಮೃಗಶಿರೆಯಲ್ಲಿ ಮಳೆ ಹಿಡಿಯುವುದೆಂಬ ಮಾತು ಮುಂಬಯಿಯಲ್ಲಿ ನಿಜವಾಗುತ್ತದೆ. ಅಲ್ಲಿ ಮುಂಗಾರು ಕಾಲಿಡುವುದು ಸಾಮಾನ್ಯವಾಗಿ ಜೂನ್ ಎರಡನೆಯ ವಾರದಲ್ಲಿಯೇ. ದೆಹಲಿಗೆ ಅದು ತಲಪುವಾಗ ಜೂನ್ ಕೊನೆಯ ವಾರ, ಆರ್ದ್ರೆಯ ಕಾಲ. ಚೆನ್ನೈಗಾದರೋ ಮಳೆಯ ದೊಡ್ಡ ಪಾಲು ಬರುವುದು ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಅಜ್ಜಿಯ ಮಾತಿನಂತೆ ಅಲ್ಲಿ ಮೃಗಶಿರೆಯಲ್ಲಿ ಹೀರೆಯ ಬೀಜ ಊರಿದವನು ಒಣಗಿದ ಕುಂಡವನ್ನು ಕಾಣುವನು. ದೆಹಲಿಯಲ್ಲಿ ಹೂಕೋಸಿಗೆ ಒಪ್ಪುವ ಚಳಿಯು ಬಸಳೆಯ ಬಳ್ಳಿಯನ್ನು ಕರಕಲು ಮಾಡುವುದು. ಹಬ್ಬವನ್ನು ಉಳಿಸಿಕೊಂಡ ವಲಸಿಗನು ಹಬ್ಬದ ಹಿಂದಿದ್ದ ಹವೆಯನ್ನು ಕಳೆದುಕೊಂಡನು.

ಮುಂಬಯಿಯ ಚಾಳುಗಳಲ್ಲಿ ನೆಲೆಸಿದವರಿಗೆ ಹಿತ್ತಿಲೆಂದರೆ ಗ್ಯಾಲರಿಯ ಕಟಾಂಜನದ ಮೇಲಿನ ಎಣ್ಣೆಯ ಡಬ್ಬ. ಅದರಲ್ಲಿ ಒಂದು ತುಳಸಿ, ಇನ್ನೊಂದರಲ್ಲಿ ಊರಿನಿಂದ ತಂದ ಬಸಳೆಯ ತುಂಡು. ಮಲ್ಲಿಗೆಗೆ ಜಾಗವಿರಲಿಲ್ಲ, ಆದರೆ ಮಲ್ಲಿಗೆ ತಾನೇ ಅವರನ್ನು ಹುಡುಕಿಕೊಂಡು ಹೋಯಿತು. ಉಡುಪಿಯ ಸಮೀಪದ ಶಂಕರಪುರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಕ್ರೈಸ್ತ ಹಿಂದೂ ಮನೆಗಳೆರಡರ ಅಂಗಳಗಳಲ್ಲಿಯೂ ಬೆಳೆಯುವ ಮಲ್ಲಿಗೆಯ ಮೊಗ್ಗನ್ನು ನಸುಕಿನಲ್ಲಿ ಬಿಡಿಸಿ ಬಾಳೆಯ ನಾರಿನಿಂದ ಕಟ್ಟುವರು. ಸುಮಾರು ಎಂಟುನೂರು ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಈ ಅಟ್ಟೆಗಳು ಮುಂಬಯಿಯ ಮಾರುಕಟ್ಟೆಗೂ ಹೋಗುತ್ತವೆ. ಊರಿನಲ್ಲಿ ಉಳಿದ ಹೆಂಗಸಿಗೆ ಹಿತ್ತಿಲು ಸಂಪಾದನೆಯ ದಾರಿಯಾಯಿತು; ಊರು ಬಿಟ್ಟ ಹೆಂಗಸಿಗೆ ಹಿತ್ತಿಲ ಹೂವು ಕೊಳ್ಳುವ ವಸ್ತುವಾಯಿತು. ಒಂದೇ ನಾರಿನ ಎರಡು ತುದಿಗಳಲ್ಲಿ ಇಬ್ಬರೂ ಇದ್ದಾರೆ.

ತಳಿಯೊಂದು ಉಳಿಯಬೇಕಾದರೆ ಆಚರಣೆಯ ಆಸರೆ ಎಷ್ಟು ಮುಖ್ಯವೆಂಬುದಕ್ಕೆ ಉಡುಪಿಯ ಬಳಿಯ ಮಟ್ಟು ಗ್ರಾಮದ ಗುಳ್ಳಬದನೆ ಒಳ್ಳೆಯ ನಿದರ್ಶನ. ಸೋದೆಯ ವಾದಿರಾಜಸ್ವಾಮಿಗಳು ಅದರ ಬೀಜವನ್ನು ಕೊಟ್ಟರೆಂಬುದು ಅಲ್ಲಿನ ಐತಿಹ್ಯ. ಶ್ರೀಕೃಷ್ಣಮಠದ ಅಡುಗೆಗೆ ಅದು ಸಲ್ಲುತ್ತ ಬಂದಿದೆ. ೨೦೧೧ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಬೀಜವನ್ನು ಕಾದುದು ರೈತನ ಕೈ. ಆ ಕೈಗೆ ಪ್ರತಿವರ್ಷವೂ ಕೆಲಸ ಕೊಟ್ಟುದು ಮಠದ ಊಟ. ಅಂತಹ ಆಸರೆಯಿಲ್ಲದ ಸಾವಿರಾರು ಹಿತ್ತಿಲುಗಳ ಬದನೆ, ಅವರೆ, ಸೌತೆಗಳಿಗೆ ಕಾವಲಾಗಿದ್ದುದು ಮನೆಯ ಹಿರಿಯಳ ಸೋರೆಬುರುಡೆಯೊಂದೇ. ಅವಳೊಡನೆ ಆ ಬೀಜವೂ ಹೋಗುತ್ತದೆ. ಬೀಜದೊಡನೆ ಅದರ ಹೆಸರೂ ಹೋಗುತ್ತದೆ.

ಪರನಾಡಿನ ನಗರಗಳು ಕನ್ನಡದ ಹಿತ್ತಿಲಿಗೆ ಏನನ್ನೂ ಕೊಡಲಿಲ್ಲವೆಂದು ಹೇಳುವಂತಿಲ್ಲ. ‘ಲೋಕೋಪಕಾರ’ವು ೧೯೫೦ರಲ್ಲಿ ಅಚ್ಚಾದುದು ಮದರಾಸಿನ ಪ್ರಾಚ್ಯ ಹಸ್ತಪ್ರತಿ ಭಾಂಡಾರದಿಂದ; ೨೦೦೬ರಲ್ಲಿ ಅದರ ಇಂಗ್ಲಿಷ್ ಅನುವಾದ ಹೊರಬಂದುದು ಸಿಕಂದರಾಬಾದಿನಿಂದ. ಒಂಬೈನೂರು ವರ್ಷಗಳಿಗೂ ಹಿಂದಿನ ಕನ್ನಡ ತೋಟದ ವಿದ್ಯೆಯನ್ನು ಓದುಗರ ಕೈಗೆ ಇತ್ತುವು ಹೊರನಾಡಿನ ಈ ಎರಡು ಊರುಗಳು. ಓಲೆಗರಿಯಲ್ಲಿದ್ದುದನ್ನು ಉಳಿಸಿದ ಶ್ರಮವು ಬಾಯಿಮಾತಿನಲ್ಲಿರುವುದಕ್ಕೂ ಸಲ್ಲಬೇಕಾಗಿದೆ. ನಗರದ ಕನ್ನಡ ಸಂಘಗಳ ಸಭೆಗಳಿಗೆ ಬಂದು ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುವ ವೃದ್ಧೆಯರು ಯಾವ ಮಳೆಯಲ್ಲಿ ಯಾವ ಬೀಜ ಹಾಕುತ್ತಿದ್ದರು, ಮಣ್ಣೆತ್ತಿಗೆ ಎಲ್ಲಿಯ ಮಣ್ಣು ತರುತ್ತಿದ್ದರು, ಕುಸುರೆಳ್ಳಿನ ಪಾಕಕ್ಕೆ ಯಾವ ಹದ ಹಿಡಿಯುತ್ತಿದ್ದರು ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳುವುದಕ್ಕೆ ದೊಡ್ಡ ಧನವೂ ಬೇಡ, ದೊಡ್ಡ ಪಾಂಡಿತ್ಯವೂ ಬೇಡ. ಒಬ್ಬೊಬ್ಬರ ಊರು, ಗಿಡಗಳ ಹೆಸರು, ಮಳೆಯ ಹೆಸರು ಇಷ್ಟನ್ನು ಗುರುತುಹಾಕಿಕೊಂಡರೂ ಶಾಸನಗಳು ಬಿಟ್ಟ ಸ್ಥಳ ತುಂಬುತ್ತ ಬರುವುದು.

ಹಿತ್ತಿಲ ಗಿಡವು ಮದ್ದೆಂದು ತಿಳಿಯುವುದು ಹಿತ್ತಿಲನ್ನು ಬಿಟ್ಟು ದೂರ ಬಂದವರಿಗೆ. ಕೇಳಿ ಬರೆಯತಕ್ಕ ಕೆಲಸವೂ ಅವರಿಂದಲೇ ಮೊದಲಾಗುವುದು ಯುಕ್ತವಾಗಿದೆ. ಹೇಳಬಲ್ಲವರು ಇನ್ನೂ ಇದ್ದಾರೆ. ಅವರ ವಯಸ್ಸನ್ನು ನೆನೆದರೆ ಕಾಲವು ಹೆಚ್ಚಿಲ್ಲ.